ಅಪ್ಪ ಹೇಳಿದ ಗಳಿಗೆ

"ಈ ಜಾತಕ ಕೂಡಿ ಬರದಿದ್ರೆ ಒಳ್ಳೇದಿತ್ತು," ಎಂದ ಆ ಯುವಕ, ಪಕ್ಕದಲ್ಲಿದ್ದ ತಾಯಿಗೆ ಕೇಳಿಸದ ಹಾಗೆ.

ಅವನು ನೋಡುತ್ತಿದ್ದದ್ದು ಜಾತಕವನ್ನಲ್ಲ, ಅದನ್ನು ಬರೆಯುತ್ತಿದ್ದ ರೂಯಿನ್‌ಳನ್ನು. ಅವಳ ಕೈಯಲ್ಲಿ ಕುಂಚ ನಿಂತುಬಿಟ್ಟಿತು...

ಲುಕಾಂಗ್ ಎಂಬ ಕಡಲೂರಿನ ಗುಡಿಯ ಪಕ್ಕದ ಅಂಗಡಿಯಲ್ಲಿ ಅವಳ ಅಪ್ಪ ಮುಛಿಂಗ್ ಜಾತಕ ಹೇಳುತ್ತಿದ್ದ. ಅವನಿಗೆ ಕಣ್ಣಿಲ್ಲ. ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ, ಒಂದೊಂದಕ್ಕೂ ಎರಡೆರಡು ಅಕ್ಷರ. ಆ ಎಂಟನ್ನು ಅವನು ಬೆರಳ ಗೆಣ್ಣುಗಳ ಮೇಲೆ ಎಣಿಸಿ ಹೇಳಿದರೆ ಮಗಳು ಕೆಂಪು ಕಾಗದದ ಮೇಲೆ ಬರೆಯಬೇಕು. ಅವಳ ಹತ್ತನೇ ವಯಸ್ಸಿನಿಂದ ಅವನಿಗೆ ಕಣ್ಣೂ ಅವಳೇ, ಕೈಯೂ ಅವಳೇ.

ಆ ಯುವಕ, ಶಾವಿಗೆ ಮಾಡುವ ತಿಂಗ್‌ಶಾನ್, ಮರುದಿನ ಒಬ್ಬನೇ ಬಂದ. ಅದರ ಮರುದಿನವೂ ಬಂದ. ತಾಯಿ ಗೊತ್ತುಮಾಡಿದ್ದ ಹುಡುಗಿಯ ಜಾತಕ ಸಾವಿರಕ್ಕೊಂದು ಹೊಂದಾಣಿಕೆ ಎಂದು ಮುಛಿಂಗ್ ಹೇಳಿದ್ದರೂ ಅವನು ಒಪ್ಪಿರಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ರೂಯಿನ್ ಅವನ ಹೆಜ್ಜೆಯ ಸಪ್ಪಳಕ್ಕೆ ಕಾಯತೊಡಗಿದ್ದಳು.

ಕೊನೆಗೊಂದು ದಿನ ಅವನು ಮುಛಿಂಗ್‌ನ ಎದುರು ಕೂತು ಮಗಳನ್ನು ಕೊಡಿ ಎಂದು ಕೇಳಿದ.

ಮುದುಕ ಯೋಚಿಸಿ ಹೇಳುತ್ತೇನೆಂದ. ತಿಂಗ್‌ಶಾನ್ ಹೋದ ಮೇಲೆ, ಮಗಳಿಗೆ ಅವಳು ಹುಟ್ಟಿದ ಗಳಿಗೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. ಎತ್ತಿನ ಜಾವ, ನಡುರಾತ್ರಿ ದಾಟಿದ ಹೊತ್ತು. ಹೆತ್ತ ದಿನವೇ ತಾಯಿ ತೀರಿಕೊಂಡಿದ್ದಳು. ಆ ಗಳಿಗೆ ಬಲ್ಲವನು ಅವನೊಬ್ಬನೇ.

ರೂಯಿನ್ ತಾನೇ ಬರೆದು ತಾನೇ ಓದಿದಳು. ಗಂಡನ ಸ್ಥಾನ ಒಡೆದಿತ್ತು. ಕೈಹಿಡಿದವನು ಮೂರು ವರ್ಷ ದಾಟುವುದಿಲ್ಲ.

ಇದನ್ನು ಹೇಳಿದರೂ ತಿಂಗ್‌ಶಾನ್ ತನ್ನನ್ನು ಬಿಟ್ಟು ಹೋಗುವವನಲ್ಲ. 'ನನ್ನನ್ನು ದ್ವೇಷಿಸಲಿ... ಬದುಕಿರಲಿ, ಸಾಕು.' ಹಾಗೆಂದುಕೊಂಡು, ಹಿಟ್ಟು ನಾದುವವನ ಮನೆಯಲ್ಲಿ ಬಾಳಲಾರೆ ಎಂದು ಅವನ ಮುಖಕ್ಕೇ ಹೇಳಿದಳು.

ಅವನು ಹೊರಟುಹೋದ. ಎರಡು ತಿಂಗಳಲ್ಲಿ ತಾಯಿ ಹೇಳಿದ ಹುಡುಗಿಯನ್ನೇ ಮದುವೆಯಾದ. ಮುಹೂರ್ತದ ಕಾಗದ ಬರೆದದ್ದೂ ರೂಯಿನೇ.

ಸಾವಿರಕ್ಕೊಂದು ಹೊಂದಾಣಿಕೆಯ ಆ ಹುಡುಗಿ ಎರಡನೇ ವರ್ಷ ಜ್ವರಕ್ಕೆ ಸತ್ತಳು.

ಐದನೇ ವರ್ಷ ಮುಛಿಂಗ್ ಹಾಸಿಗೆ ಹಿಡಿದ. ಗಂಜಿ ಕುಡಿಸುತ್ತಿದ್ದ ಮಗಳ ಮಣಿಕಟ್ಟು ಹಿಡಿದು ಹೇಳಿದ:

"ಎತ್ತಿನ ಜಾವ ಅಲ್ಲಮ್ಮ. ನೀನು ಹುಟ್ಟಿದಾಗ ಬೆಳಗಾಗಿತ್ತು. ನನ್ನ ಮುಖದ ಮೇಲೆ ಬಿಸಿಲು ಬಿದ್ದಿತ್ತು."

"ಮತ್ಯಾಕಪ್ಪ ಹಾಗಂದೆ?"

"ನೀನು ಹೋಗಿದ್ರೆ ನನಗ್ಯಾರಿದ್ರು?"

ಅವಳು ಬಟ್ಟಲು ಕೆಳಗಿಟ್ಟು ಹಿತ್ತಿಲಿಗೆ ಹೋದಳು. ಅಳು ಬರಲಿಲ್ಲ. ಗಂಜಿ ಆರುವ ಮೊದಲೇ ಬಂದು ಉಳಿದದ್ದನ್ನು ಕುಡಿಸಿದಳು. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ. ಅವನು ಕೇಳಿಕೊಂಡರೂ, ಕೊನೆಯವರೆಗೂ.

ಅಪ್ಪ ಸತ್ತ ನಲವತ್ತೊಂಬತ್ತನೇ ದಿನದ ಕಾರ್ಯ ಮುಗಿಸಿ ಅವಳು ತಿಂಗ್‌ಶಾನ್‌ನ ಅಂಗಳಕ್ಕೆ ಹೋದಳು. ಕಡಲ ಗಾಳಿಗೆ ಬಿದಿರ ಕೋಲುಗಳ ಮೇಲೆ ಶಾವಿಗೆ ಒಣಗುತ್ತಿತ್ತು. ಅವನು ಸೊರಗಿದ್ದ, ಮೂವತ್ತಕ್ಕೇ ಕಿವಿಯ ಬಳಿ ನರೆ ಬಂದಿತ್ತು. ನಿಂತಲ್ಲೇ ನಿಂತು ಅವಳು ಎಲ್ಲವನ್ನೂ ಹೇಳಿದಳು.

"ನಾನು ಸಾಯ್ತೀನಿ ಅಂತ ಹಾಗಂದ್ಯಾ?"

"ಹೂಂ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ನೀನು ಸಾಯೋಕೂ ಒಪ್ತಿದ್ದೆ."

ಅವನು ಅದಕ್ಕೆ ಇಲ್ಲವೆನ್ನಲಿಲ್ಲ. ಸತ್ತ ಹೆಂಡತಿ ಒಳ್ಳೆಯವಳಾಗಿದ್ದಳು ಎಂದ. ತಾನು ಅವಳಿಗೆ ಮನಸ್ಸು ಕೊಡಲಿಲ್ಲ, ಅದು ಅವಳಿಗೂ ಗೊತ್ತಿತ್ತು ಎಂದ. ಹೆಂಡತಿಯನ್ನು ತಿಂದವನು ಎಂದು ಊರು ಈಗ ತನ್ನನ್ನು ಕರೆಯುತ್ತದೆ ಎಂದೂ ಹೇಳಿದ.

"ನಿಜವಾದ ಗಳಿಗೆಗೆ ಬರೆದು ನೋಡಿದ್ಯಾ?"

"ಇಲ್ಲ. ಹೆದರಿಕೆ."

"ಅದೂ ಕೆಟ್ಟದ್ದೇ ಇದ್ರೆ ಏನ್ಮಾಡ್ತೀಯ?"

"ಗೊತ್ತಿಲ್ಲ... ಈ ಸಲ ನಿನ್ನನ್ನ ಕೇಳೋಣ ಅಂತ ಬಂದೆ."

ತಿಂಗ್‌ಶಾನ್ ಕೈ ಒರೆಸಿಕೊಂಡು ಹತ್ತಿರ ಬಂದ. ಅವನ ಕಣ್ಣು ತುಂಬಿತ್ತು.

"ಹಾಗಾದ್ರೆ ಕೇಳು."

"ನನ್ನ ಜೊತೆ ಇರ್ತೀಯಾ?"

"ಇರ್ತೀನಿ ರೂಯಿನ್... ಎಷ್ಟು ದಿನವೋ ಅಷ್ಟು."