ಹಾಗಲಕಾಯಿಯ ಸೇಡು

ಹುಡುಗ ಕೇಸರಿಬಾತು ಮುಟ್ಟಲಿಲ್ಲ.

ಉಪ್ಪಿಟ್ಟು ಅರ್ಧ ತಿಂದ, ನೀರು ಕುಡಿದ, ಬಿಂದುಶ್ರೀಯ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದ. ಆ ಒಂದು ನೋಟಕ್ಕೇ ಅವಳ ಕಿವಿ ಬಿಸಿಯಾಗಿದ್ದು ಸುಳ್ಳಲ್ಲ. ಆದರೆ ಅವಳೇ ಕೈಯಾರೆ ಮಾಡಿದ ಕೇಸರಿಬಾತು, ಮೇಲಿನ ಗೋಡಂಬಿಯೂ ಅಲುಗದೆ, ತಟ್ಟೆಯಲ್ಲೇ ಉಳಿಯಿತು. ಶಿವಮೊಗ್ಗದಿಂದ ಬಂದವರ ಕಾರು ಭದ್ರಾವತಿ ಹಳೇನಗರದ ಓಣಿ ದಾಟುವಷ್ಟರಲ್ಲಿ ಸೋದರತ್ತೆ ತೀರ್ಪು ಕೊಟ್ಟಾಗಿತ್ತು.

"ಹೆಣ್ಣು ನೋಡೋಕೆ ಬಂದೋನು ಸಿಹಿ ಮುಟ್ಟದೆ ಎದ್ದ ಅಂದ್ರೆ ಏನರ್ಥ? ಒಪ್ಪಿಗೆ ಇಲ್ಲ ಅಂತ. ಅವರು ಹೇಳಿ ಕಳಿಸೋ ಮುಂಚೆ ನಾವೇ ಬೇಡ ಅಂದುಬಿಡಿ. ಮರ್ಯಾದೆನಾದ್ರೂ ಉಳಿಯುತ್ತೆ."

ಅಮ್ಮ ವೀರಮ್ಮ ಅಂದು ಸಂಜೆಯೇ ಸಂಬಂಧ ತಂದವರಿಗೆ ಫೋನ್ ಮಾಡಿ, ನಮಗೆ ಈ ಹುಡುಗ ಬೇಡ ಎಂದರು. ಫೋನಿಟ್ಟ ಮೇಲೆ ಅಡುಗೆಮನೆಗೆ ಹೋಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಬಾಗಿಲ ಸಂದಿಯಿಂದ ಅದನ್ನು ನೋಡಿದ ಬಿಂದುಶ್ರೀಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ತನ್ನನ್ನು ಬೇಡ ಎಂದಿದ್ದರೆ ಹೋಗಲಿ, ಅಮ್ಮನನ್ನು ಅಳಿಸಿದವನನ್ನು ಬಿಡಬಾರದು. ಎಂದಾದರೂ ಒಂದು ದಿನ ಕೈಗೆ ಸಿಗುತ್ತಾನೆ, ಆಗ ನೋಡಿಕೊಳ್ಳುತ್ತೇನೆ ಎಂದು ಅಲ್ಲೇ ಹಲ್ಲು ಕಚ್ಚಿದಳು.

ಸಿಕ್ಕಿಯೇ ಬಿಟ್ಟ.

ಬಿಂದುಶ್ರೀ ಓದಿದ್ದು ಆಹಾರ ಮತ್ತು ಪೌಷ್ಟಿಕತೆಯ ವಿಷಯ. ಅಮ್ಮನ ಜೊತೆ ಸೇರಿ ನ್ಯೂಟೌನಿನಲ್ಲಿ ಮೆಸ್ ನಡೆಸುತ್ತಿದ್ದಳು. ಮರುವರ್ಷ ಮಾಚೇನಹಳ್ಳಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯ ಕ್ಯಾಂಟೀನ್ ಅವರ ಪಾಲಿಗೆ ಬಂತು. ಅಲ್ಲಿ ಒಂದು ಪದ್ಧತಿಯಿತ್ತು. ಕಾರ್ಮಿಕರಿಗೆ ಬಡಿಸುವ ಮೊದಲು ಸೇಫ್ಟಿ ಆಫೀಸರ್ ಬಂದು ತಾನೊಂದು ತಟ್ಟೆ ಉಂಡು ನೋಡಬೇಕು. ಅವನು ಸರಿ ಎಂದ ಮೇಲೆಯೇ ಉಳಿದವರಿಗೆ ಊಟ.

ಮೊದಲ ದಿನ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದವನು ಹಾಲೇಶ್. ಅದೇ ಹುಡುಗ.

"ನೀವಾ?" ಎಂದ.

"ನಾನೇ. ಯಾಕೆ, ನಮ್ಮ ಕೈ ಊಟ ಸೇರಲ್ವಾ?"

ಅವನು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ತಾನೇ ಒಂದು ತಟ್ಟೆ ಎತ್ತಿಕೊಂಡ. ಅವನ ಕಣ್ಣಲ್ಲಿ ಒಂದು ನೋವು ಸುಳಿದು ಹೋಯಿತು. ಬಿಂದುಶ್ರೀ ಅದನ್ನು ಕಂಡಳು, ಕಂಡರೂ ಕನಿಕರಿಸಲಿಲ್ಲ. ಅವಳ ತಲೆಯಲ್ಲಿ ಆಗಲೇ ಲೆಕ್ಕಾಚಾರ ಶುರುವಾಗಿತ್ತು.

ಹಳೇ ಕಂಟ್ರಾಕ್ಟರನ ಕಾಲದಿಂದಲೂ ಅಲ್ಲಿ ಅಡುಗೆಗಿದ್ದ ಸೆಲ್ವಿಯನ್ನು ಕೇಳಿದಳು, "ಈ ಸೇಫ್ಟಿ ಸಾಹೇಬ್ರಿಗೆ ಏನು ಇಷ್ಟ ಸೆಲ್ವಿಯಕ್ಕ?"

"ಅಯ್ಯೋ, ಬೋಂಡಾ ಅಂದ್ರೆ ಪ್ರಾಣ ಕಣಮ್ಮ. ಪೂರಿ, ಜಿಲೇಬಿ, ಸಕ್ಕರೆ ಜಾಸ್ತಿ ಹಾಕಿದ ಟೀ. ಮೊದ್ಲೆಲ್ಲಾ ತಟ್ಟೆ ತಟ್ಟೆ ಖಾಲಿ ಮಾಡೋರು."

ಅಷ್ಟು ಸಾಕಾಯಿತು. ಮಾರನೆಯ ದಿನದಿಂದಲೇ ಬೋಂಡಾ, ಪೂರಿ ಬಂದ್. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಬಾಣಲೆ ಅಟ್ಟ ಸೇರಿತು. ರಾಗಿಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ, ಹೆಸರುಬೇಳೆ ಕೋಸಂಬರಿ ಬಂದವು. ಸಕ್ಕರೆ ಬೇಕಾದವರು ಕೇಳಿ ಹಾಕಿಸಿಕೊಳ್ಳಬೇಕು. ಕುಲುಮೆಯ ಮುಂದೆ ಬೆವರು ಸುರಿಸುವವರಿಗೆ ಉಪ್ಪು ಹಾಕಿದ ಮಜ್ಜಿಗೆಯನ್ನು ಮಾತ್ರ ಅವಳು ಒಂದು ಹೊತ್ತೂ ತಪ್ಪಿಸಲಿಲ್ಲ. ಇಂಥದ್ದೊಂದು ಕ್ಯಾಂಟೀನ್ ನಡೆಸಬೇಕೆಂಬುದು ಅವಳ ಹಳೇ ಆಸೆ. ಆದರೆ ಇಷ್ಟು ಬೇಗ, ಇಷ್ಟು ಕಟ್ಟುನಿಟ್ಟಾಗಿ ಅದು ನಡೆದದ್ದು ಶುದ್ಧ ಹಗೆಯಿಂದ.

ಹಾಲೇಶನ ತಟ್ಟೆಗೆ ಬೇರೆಯೇ ಉಪಚಾರ. ಎಲ್ಲರ ಹಾಗಲಕಾಯಿ ಪಲ್ಯಕ್ಕೆ ಉಪ್ಪು ಹಚ್ಚಿ ಕಹಿ ಹಿಂಡಿ ತೆಗೆದು, ಹುಣಸೆಹುಳಿ ಹಾಕುತ್ತಿದ್ದಳು. ಅವನದಕ್ಕೆ ಅದಾವುದೂ ಇಲ್ಲ. ಪುಟ್ಟ ಪಾತ್ರೆಯೊಂದರಲ್ಲಿ ಹಸಿ ಕಹಿಯನ್ನೇ ಬಾಡಿಸಿ ತಟ್ಟೆಗೆ ಸುರಿದು, ಎದುರಿಗೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಅವನು ಒಂದು ತುತ್ತು ಬಾಯಿಗಿಟ್ಟ. ಹುಬ್ಬು ಒಂದಿಷ್ಟೇ ಮೇಲೆ ಹೋಯಿತು. ಅಗಿದ, ನುಂಗಿದ. ಇನ್ನೊಂದು ತುತ್ತು ತೆಗೆದುಕೊಂಡ.

"ಹೇಗಿದೆ ಸರ್?"

"ಚೆನ್ನಾಗಿದೆ. ಇನ್ನೊಂಚೂರು ಇದ್ಯಾ?"

ಅವಳಿಗೆ ಸೌಟು ಎತ್ತಿ ಒಗೆಯಬೇಕೆನಿಸಿತು.

ಮರುದಿನ ಮೆಂತ್ಯಸೊಪ್ಪು. ಅದರ ಮರುದಿನ ನುಗ್ಗೆಸೊಪ್ಪು. ಕೊನೆಗೆ ಸಕ್ಕರೆಯಿಲ್ಲದ ಕಪ್ಪು ಕಾಫಿ. ಅವನು ಲೋಟ ತುಟಿಗಿಟ್ಟು, ಅದರ ಅಂಚಿನ ಮೇಲಿಂದ ಅವಳನ್ನೇ ನೋಡುತ್ತ ಗುಟುಕು ಗುಟುಕಾಗಿ ಕುಡಿದ. ಆ ಕಣ್ಣು ನಗುತ್ತಿತ್ತು. ಬಿಂದುಶ್ರೀ ಸರ್ರನೆ ತಿರುಗಿ ಒಲೆಯ ಕಡೆ ನಡೆದಳು. ಕೆನ್ನೆ ಬಿಸಿಯಾದದ್ದು ಒಲೆಯಿಂದ ಎಂದು ತನಗೆ ತಾನೇ ಹೇಳಿಕೊಂಡಳು, ಒಲೆ ಆರಿತ್ತು.

"ಮೇಡಂ, ನಿಮಗೆ ನನ್ನ ಮೇಲೆ ಕೋಪನಾ?" ಎಂದು ಒಂದು ದಿನ ಕೇಳಿಯೇಬಿಟ್ಟ.

"ಕೋಪ ಮಾಡ್ಕೊಳ್ಳೋಕೆ ನೀವೇನು ನಮ್ಮ ನೆಂಟರಾ?"

"ಆಗ್ಬೇಕಿತ್ತು."

"ಆಗಲಿಲ್ಲ. ಮುದ್ದೆ ಆರ್ತಿದೆ, ತಿನ್ನಿ."

ಕಾರ್ಮಿಕರು ಮೊದಲು ಕೂಗಾಡಿದರು. ಕುಲುಮೆ ವಿಭಾಗದ ಕರಿಯಣ್ಣ ತಟ್ಟೆ ಹಿಡಿದು ಬಂದು, "ಏನ್ ಮಾರಾಯ್ತಿ ಇದು, ನಾವೇನು ಆಸ್ಪತ್ರೇಲಿ ಮಲಗಿದೀವಾ?" ಎಂದ. ಅವನ ಬೆನ್ನ ಹಿಂದೆ ದೊಡ್ಡ ಗುಂಪೇ ಇತ್ತು. ಹಾಲೇಶ್ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಅವರದೇ ಬೆಂಚಿನಲ್ಲಿ ಕೂತು, ಮುದ್ದೆ ಮುರಿದು ಸಾರಿಗದ್ದಿ ಉಣ್ಣತೊಡಗಿದ. ಸಾಹೇಬರೇ ಉಣ್ಣುವಾಗ ಇವರೇನು ಹೇಳಿಯಾರು? ಗೊಣಗುತ್ತಲೇ ಕೂತರು. ಮಳೆಗಾಲ ಮುಗಿಯುವಷ್ಟರಲ್ಲಿ ಊಟದ ನಂತರದ ತೂಕಡಿಕೆ ಕಡಿಮೆಯಾಯಿತೆಂದು ಅವರೇ ಹೇಳಿಕೊಳ್ಳತೊಡಗಿದರು. ಅವರ ಮನೆಯ ಹೆಂಗಸರು ಶನಿವಾರ ಗೇಟಿನ ಬಳಿ ಬಂದು, "ಹುರುಳಿ ಸಾರು ಹೆಂಗೆ ಮಾಡ್ತೀರಕ್ಕ, ನಮ್ಮ ಹುಡುಗ್ರೂ ಕೇಳ್ತಾವೆ" ಎಂದು ವಿಚಾರಿಸಿದರು. ಬಿಂದುಶ್ರೀ ಹಿಗ್ಗಿದಳು, ಮತ್ತೆ ಆ ಹಿಗ್ಗಿನಲ್ಲಿ ಹಾಲೇಶನಿಗೂ ಪಾಲಿದೆಯೆಂದು ನೆನಪಾಗಿ ಉರಿದುಕೊಂಡಳು.

ಇನ್ನೂ ಉರಿಯುವ ವಿಷಯವೊಂದಿತ್ತು. ಅವಳ ಕಹಿ ತಿಂದು ತಿಂದು ಅವನು ತೆಳ್ಳಗಾಗಿದ್ದ. ಮುಖಕ್ಕೆ ಕಳೆ ಬಂದಿತ್ತು, ನಡಿಗೆ ಚುರುಕಾಗಿತ್ತು.

"ಸಾರ್ ಈಗ ಹೀರೋ ಥರಾ ಇದಾರೆ ಅಲ್ವಾಮ್ಮ?" ಎಂದು ಸೆಲ್ವಿ ಕಿಚಾಯಿಸಿದಳು.

"ನನಗೇನು ಗೊತ್ತು? ನಾನು ನೋಡಿಲ್ಲ."

"ನೋಡದೇನೇ ದಿನಾ ಕಿಟಕಿ ಒರೆಸ್ತೀಯಲ್ಲ, ಆಫೀಸ್ ಕಡೆ ಕಿಟಕಿ ಒಂದನ್ನೇ."

ಬಿಂದುಶ್ರೀಗೆ ತನ್ನ ಮೇಲೇ ಅಸಹ್ಯವಾಯಿತು. ಅಮ್ಮ ಅತ್ತದ್ದನ್ನು ಇಷ್ಟು ಬೇಗ ಮರೆತಳೇ? ಕಹಿ ಬಡಿಸಿದರೆ ಬಗ್ಗುವ ಆಸಾಮಿ ಇವನಲ್ಲ. ತನಗಾದ ಅವಮಾನ ನಾಲ್ಕು ಜನರ ಎದುರಿನದು, ಅವನಿಗೂ ನಾಲ್ಕು ಜನರ ಎದುರೇ ಆಗಬೇಕು.

ಆಯುಧಪೂಜೆ ಬಂತು. ಅಂದು ಫೌಂಡ್ರಿಗೆ ಎಲ್ಲರ ಮನೆಯವರೂ ಬರುತ್ತಾರೆ. ಯಂತ್ರಗಳಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದಾಯಿತು. ಮಾಲೀಕರು ಮುಂದಿನ ಸಾಲಿನಲ್ಲೇ ಕೂತಿದ್ದರು, ಕ್ಯಾಂಟೀನನ್ನು ಮುಂದಿನ ವರ್ಷಕ್ಕೂ ಇವರಿಗೇ ಕೊಡಬೇಕೋ ಬೇಡವೋ ಎಂದು ಅಂದೇ ಹೇಳುವವರಿದ್ದರು. ಹೆಂಗಸರ ಸಾಲಿನಲ್ಲಿ ಹಾಲೇಶನ ತಾಯಿ ಶಕುಂತಲಮ್ಮ ಕೂತಿದ್ದರು, ಅವರಿಂದ ದೂರದಲ್ಲಿ ಮುಖ ತಿರುಗಿಸಿಕೊಂಡು ವೀರಮ್ಮ. ವರ್ಷಕ್ಕೊಂದು ದಿನವೆಂದು ಬಿಂದುಶ್ರೀ ಹೋಳಿಗೆ ಮಾಡಿದ್ದಳು. ಮೈಕು ಕೈಗೆ ತೆಗೆದುಕೊಂಡಳು.

"ಎಲ್ಲರಿಗೂ ಬಡಿಸೋ ಮೊದಲು ರುಚಿ ನೋಡೋದು ಹಾಲೇಶ್ ಸರ್ ಕೆಲಸ. ಸರ್ ಒಂದು ಸಲ ನಮ್ಮನೆಗೆ ಬಂದು, ನಾನು ಮಾಡಿದ ಸಿಹಿ ಮುಟ್ಟದೇ ಎದ್ದು ಹೋಗಿದ್ರು. ಇವತ್ತು ಹಾಗೆ ಬಿಡಲ್ಲ. ಎಲ್ಲರ ಎದುರಿಗೆ ತಿಂದೇ ಹೋಗ್ಬೇಕು."

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಅವಳ ಎದೆ ಖುಷಿಯಿಂದ ಹೊಡೆದುಕೊಳ್ಳುತ್ತಿತ್ತು. ತಿಂದರೆ ತಲೆ ಬಾಗಿದ ಹಾಗೆ. ತಿನ್ನದಿದ್ದರೆ ಅವನ ಸೊಕ್ಕು ಎಷ್ಟೆಂದು ಎಲ್ಲರೂ ಕಂಡ ಹಾಗೆ. ಎರಡರಲ್ಲಿ ಯಾವುದಾದರೂ ಗೆಲುವು ಅವಳದೇ.

ಹಾಲೇಶ್ ಎದ್ದು ಬಂದ. ಅವಳ ಮುಖವನ್ನೇ ನೋಡಿದ. ಇಷ್ಟು ದಿನ ಅರ್ಥವಾಗದ್ದೇನೋ ಈಗ ಅರ್ಥವಾದಂತೆ ಅವನ ಮುಖ ಬದಲಾಯಿತು. "ಅದಕ್ಕಾ?" ಎಂದ, ಅವಳಿಗಷ್ಟೇ ಕೇಳುವಂತೆ. ಆಮೇಲೆ ಹೋಳಿಗೆ ಕೈಗೆತ್ತಿಕೊಂಡು ಒಂದು ತುಂಡು ಬಾಯಿಗಿಟ್ಟ.

"ಹಾಲೇಶಾ, ಬೇಡ್ವೋ..." ಶಕುಂತಲಮ್ಮ ಅರ್ಧ ಎದ್ದರು. ಅಕ್ಕಪಕ್ಕದವರು ತಿರುಗಿ ನೋಡಿದ್ದೇ ತಡ, ಬಾಯಿಗೆ ಕೈ ಅಡ್ಡ ಹಿಡಿದು ಕೂತುಬಿಟ್ಟರು.

ಬಿಂದುಶ್ರೀ ಆ ತಾಯಿಯ ಮುಖದ ಭಯ ನೋಡಿದಳು. ಬೋಂಡಾ ಬಿಟ್ಟವನು, ಹಾಗಲಕಾಯಿ ಕೇಳಿ ಹಾಕಿಸಿಕೊಂಡವನು, ಸಕ್ಕರೆಯಿಲ್ಲದ ಕಾಫಿಯನ್ನು ಸಂತೋಷವಾಗಿ ಕುಡಿದವನು. ಇದನ್ನೇ ಓದಿ ಪಾಸಾದ ಅವಳಿಗೆ ಇಷ್ಟು ದಿನ ಇದು ಹೊಳೆದೇ ಇರಲಿಲ್ಲ. ಕಣ್ಣಿಗೆ ಹಗೆ ಕಟ್ಟಿಕೊಂಡಿದ್ದರೆ ಏನು ತಾನೇ ಕಾಣುತ್ತದೆ? ಅವನಿಗೆ ಶುಗರ್ ಇದೆ. ಅವನು ಉಳಿದ ಹೋಳಿಗೆಯನ್ನೂ ಬಾಯಿಯ ಬಳಿ ತಂದಿದ್ದ.

"ಬಿಡ್ರೀ ಅದನ್ನ!" ಅವನ ಕೈಯಿಂದ ಕಿತ್ತುಕೊಂಡಳು.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಅವನ ಗುಟ್ಟು ಬಯಲಾಗುತ್ತದೆ. ಇಷ್ಟು ದಿನ ಅವನನ್ನು ಕೆಡವಲು ಕಾದವಳು, ಕೆಡವುವ ಗಳಿಗೆ ಕೈಗೆ ಬಂದಾಗ ಬೇರೆಯೇ ಮಾತಾಡಿದಳು.

"ಕ್ಷಮಿಸಿ, ಹೂರಣ ಸೀದಿದೆ. ಬೆಲ್ಲ ತಳ ಹಿಡಿದಿತ್ತು, ನನ್ನದೇ ತಪ್ಪು. ಹೋಳಿಗೆ ಯಾರಿಗೂ ಬಡಿಸಲ್ಲ."

ಹಿಂದಿನಿಂದ ಯಾರೋ ನಕ್ಕರು. ಮಾಲೀಕರ ಹುಬ್ಬು ಗಂಟಾಯಿತು. ವೀರಮ್ಮ ಬೆಳಗಿನಿಂದ ಅದೇ ಹೂರಣ ರುಬ್ಬಿದವರು, ಏನೂ ತಿಳಿಯದೆ ಮಗಳನ್ನು ನೋಡಿದರು. ಬಿಂದುಶ್ರೀ ತಟ್ಟೆ ಎತ್ತಿಕೊಂಡು ಒಳಗೆ ಹೊರಟಳು.

"ಮೇಡಂ, ನಿಲ್ಲಿ." ಹಾಲೇಶ್ ಮೈಕು ತೆಗೆದುಕೊಂಡಿದ್ದ. "ಹೋಳಿಗೆಗೆ ಏನೂ ಆಗಿಲ್ಲ, ತುಂಬಾ ಚೆನ್ನಾಗಿದೆ. ನನಗೆ ಶುಗರ್ ಇದೆ. ಅದನ್ನ ಮುಚ್ಚೋಕೆ ಇವರು ತಮ್ಮ ಅಡುಗೆ ಹೆಸರನ್ನೇ ಹಾಳು ಮಾಡ್ಕೊಂಡ್ರು. ಇವರ ಊಟ ಶುರುವಾದ ಮೇಲೆ ನನ್ನ ಶುಗರ್ ಹತೋಟಿಗೆ ಬಂದಿದೆ. ಡಾಕ್ಟ್ರೇ ಕೇಳಿದ್ರು, ಯಾರಪ್ಪ ಅಡುಗೆ ಮಾಡ್ತಿರೋದು ಅಂತ."

ಕರಿಯಣ್ಣ ಬೆಂಚಿನಿಂದ ಎದ್ದು ನಿಂತ. "ನಂಗೂ ಇದೆ ಸಾರ್. ಗೊತ್ತಾದ್ರೆ ಕುಲುಮೆ ಕೆಲಸದಿಂದ ತೆಗೀತಾರೇನೋ ಅಂತ ಸುಮ್ನಿದ್ದೆ."

"ನನಗೂ ಹೇಳಿಲ್ವಲ್ರೀ!" ಎಂದು ಅವನ ಹೆಂಡತಿ ಹೆಂಗಸರ ಸಾಲಿನಿಂದ ಕೂಗಿದಳು. ಸಭೆಯೆಲ್ಲ ನಕ್ಕಿತು. ಮಾಲೀಕರು ಎದ್ದು ಬಂದು, ಅದೇ ಹೋಳಿಗೆಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಮುಂದಿನ ವರ್ಷನೂ ನೀವೇ ನಡೆಸಿ ಅಮ್ಮಾ" ಎಂದರು. ಶಕುಂತಲಮ್ಮ ಕಣ್ಣೊರೆಸಿಕೊಳ್ಳುತ್ತ ವೀರಮ್ಮನ ಪಕ್ಕದ ಕುರ್ಚಿಗೆ ಬಂದರು. "ಶುಗರ್ ಅಂದ್ರೆ ಯಾರು ಹೆಣ್ಣು ಕೊಡ್ತಾರೆ ಅಂತ ನಾನೇ ಬಾಯಿ ಮುಚ್ಚಿಸಿದ್ದೆ ಕಣ್ರೀ. ಅವನಿಗೆ ನಿಮ್ಮ ಮಗಳೇ ಬೇಕಿತ್ತು. ನೀವೇ ಬೇಡ ಅಂದ್ರಲ್ಲ!"

ಬಿಂದುಶ್ರೀ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ಊಟದ ಗದ್ದಲ ಮುಗಿಯುವ ಹೊತ್ತಿಗೆ ಹಾಲೇಶ್ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತ, ಜೇಬಿನಿಂದ ಶುಗರ್ ನೋಡುವ ಪುಟ್ಟ ಮೆಷಿನ್ ತೆಗೆದು ಬೆರಳು ಚುಚ್ಚಿಕೊಂಡ.

"ಸ್ವಲ್ಪ ಜಾಸ್ತಿ ಇದೆ. ಸಂಜೆ ನಡೆದ್ರೆ ಸರಿಹೋಗುತ್ತೆ," ಎಂದ.

"ಮನೆಗೆ ಬಂದಾಗ್ಲೇ ಹೇಳೋಕೆ ಏನಾಗಿತ್ತು?"

"ನೀವೊಬ್ಬರೇ ಒಂದು ನಿಮಿಷ ಮಾತಾಡೋಕೆ ಸಿಕ್ಕಿದ್ರೆ ಹೇಳ್ತಿದ್ದೆ. ಸಿಗಲಿಲ್ಲ. ಸಂಜೆಗೆ ನೀವು ಬೇಡ ಅಂದ್ರಿ ಅಂತ ಫೋನ್ ಬಂತು."

ಅವಳಿಗೆ ಸೋದರತ್ತೆಯ ಮೇಲೆ, ತನ್ನ ಮೇಲೆ, ಇಡೀ ಊರಿನ ಮೇಲೆ ಸಿಟ್ಟು ಬಂತು.

"ನಿಮ್ಮನ್ನ ಅಳಿಸಬೇಕು ಅಂತಲೇ ನಾನು ಆ ಕಹಿ ಮಾಡ್ತಿದ್ದೆ. ಗೊತ್ತಾ ನಿಮಗೆ?"

"ಮೊದಲ ತುತ್ತಿಗೇ ಗೊತ್ತಾಯ್ತು."

"ಮತ್ತೆ ಯಾಕೆ ತಿಂದ್ರಿ?"

"ಬೇಡ ಅಂದ ಹುಡುಗಿ ದಿನಾ ನನಗೇ ಅಂತ ಬೇರೆ ಪಾತ್ರೇಲಿ ಅಡುಗೆ ಮಾಡ್ತಾಳಲ್ಲ, ಅದಕ್ಕೆ."

ಬೆರಳಿನ ತುದಿಯಲ್ಲಿ ಇನ್ನೂ ಒಂದು ಹನಿ ರಕ್ತವಿತ್ತು. ಬಿಂದುಶ್ರೀ ಅವನ ಕೈಯಿಂದ ಹತ್ತಿ ಕಿತ್ತುಕೊಂಡು ಬೆರಳಿಗೆ ಒತ್ತಿ ಹಿಡಿದಳು, ಬೇಕಾದ್ದಕ್ಕಿಂತ ಗಟ್ಟಿಯಾಗಿ.

"ಸ್... ಸೇಡು ತೀರ್ಲಿಲ್ವಾ ಇನ್ನೂ?"

"ಇಲ್ಲ. ನಮ್ಮಮ್ಮ ಅತ್ತಿದ್ದಕ್ಕೆ ಬೇರೆ ಇದೆ, ನಾನು ಅತ್ತಿದ್ದಕ್ಕೆ ಬೇರೆ ಇದೆ. ನಿಮ್ಮ ತಲೆಗೂದಲೆಲ್ಲ ಬೆಳ್ಳಗಾದ್ರೂ ತೀರಲ್ಲ." ಅವಳು ಬೆರಳನ್ನು ತನ್ನ ಕಡೆಗೆ ಎಳೆದುಕೊಂಡಳು. "ಅಲ್ಲಿವರೆಗೂ ನೀವು ಗಟ್ಟಿಮುಟ್ಟಾಗಿ ಇರ್ಬೇಕು. ಮಧ್ಯದಲ್ಲಿ ಕಾಯಿಲೆ ಗೀಯಿಲೆ ಅಂತ ನನ್ನಿಂದ ತಪ್ಪಿಸ್ಕೊಂಡು ಹೋಗೋ ಹಾಗಿಲ್ಲ. ಕೇಳಿಸ್ತಾ?"

"ಕೇಳಿಸ್ತು," ಎಂದ ಹಾಲೇಶ್. "ಎಲ್ಲೂ ಹೋಗಲ್ಲ."

ರಕ್ತ ಆಗಲೇ ನಿಂತಿತ್ತು. ಅವಳು ಬೆರಳು ಬಿಡಲಿಲ್ಲ.