ಕುಂದಾಣ ರಸ್ತೆಯ ಕೆಂಪು ಕಾರು

ಸಸ್ಪೆನ್ಷನ್ನಿಗೆ ತೊಂಬತ್ತು ಸಾವಿರ, ಬ್ರೇಕಿಗೆ ಐವತ್ತು, ರೇಸಿನ ಸೀಟು-ಬೆಲ್ಟಿಗೆ ಇನ್ನೊಂದು ಐವತ್ತು, ರೇಸ್ ಟ್ರ್ಯಾಕಿಗೆಂದೇ ಬೇರೆ ನಾಲ್ಕು ಚಕ್ರ. ವಿಮಾನ ನಿಲ್ದಾಣದಲ್ಲಿ ದುಡಿಯುವ ರಂಜಿತ ತನ್ನ ಪುಟ್ಟ ಕೆಂಪು ಕಾರಿಗೆ ಸುರಿದದ್ದು ಇಷ್ಟು. ಮುನಿವೆಂಕಟಮ್ಮನ ಮುರಿದ ಕಾಲಿಗೆ ಮಾತ್ರ ಯಾರೂ ಬೆಲೆ ಕಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ, ಗಾಡಿಗಳು ತುಳಿದು ಒಕ್ಕಲಿ ಎಂದು ಕುಂದಾಣದ ರಸ್ತೆಗೆ ಹರಡಿದ್ದ ರಾಗಿಯನ್ನು ತಿರುವಿಹಾಕುತ್ತಿದ್ದ ಆ ಮುದುಕಿಗೆ ಗುದ್ದಿದ ಕೆಂಪು ಕಾರು ನಿಲ್ಲದೆ ಓಡಿತ್ತು. ಅಷ್ಟು ಗುಡುಗುವ ಕೆಂಪು ಕಾರು ಆ ಸುತ್ತಿನಲ್ಲಿ ಒಂದೇ.

"ಅವತ್ತು ನಾನು ಕಾರು ಮುಟ್ಟೇ ಇಲ್ಲ ಅಂಕಲ್" ಎಂದು ರಂಜಿತ ಆದಿನಾರಾಯಣಪ್ಪನವರ ಜಗಲಿಯಲ್ಲಿ ಕೂತು ಅತ್ತಳು. "ಟ್ರ್ಯಾಕಿಗೆ ರೆಡಿ ಮಾಡಿ ಅಂತ ಶುಕ್ರವಾರವೇ ಉಮಾಶಂಕರಣ್ಣನ ಗ್ಯಾರೇಜಲ್ಲಿ ಬಿಟ್ಟಿದ್ದೆ. ಶನಿವಾರ ನಾನೇ ಬಂದು ಒಂದು ರೌಂಡ್ ತಗೊಂಡೋದೆ ಅಂತ ಅವರು ಪೊಲೀಸರಿಗೆ ಹೇಳಿದಾರೆ. ನಾನು ಮನೇಲಿ ಒಬ್ಳೇ ಮಲಗಿದ್ದೆ, ಯಾರು ನಂಬ್ತಾರೆ?"

ಅಪರಾಧ ವಿಭಾಗದಿಂದ ನಿವೃತ್ತರಾಗಿ ಕುಂದಾಣದಲ್ಲಿ ನೆಲೆಸಿದ್ದ ಆದಿನಾರಾಯಣಪ್ಪ ಎಲೆಯಡಿಕೆ ಉಗಿದು ಎದ್ದರು. "ಕಾಂತರಾಜು, ಗಾಡಿ ತೆಗಿ."

ವರ್ಷಗಟ್ಟಲೆ ಅವರ ಜೀಪು ಓಡಿಸಿದ್ದ ಕಾಂತರಾಜುವಿಗೆ ಮೈಯೆಲ್ಲ ಉರಿಯುತ್ತಿತ್ತು. ಗುದ್ದಿ ಓಡಿದ್ದು ಸಾಲದೆ, ನಂಬಿ ಗಾಡಿ ಬಿಟ್ಟವಳ ತಲೆಗೇ ಕಟ್ಟುವುದೆ!

ದೇವನಹಳ್ಳಿಯ ಗ್ಯಾರೇಜಿಗೆ ಮೂವರೂ ಹೋದಾಗ ಎಸ್‌ಐ ಕಾಯುತ್ತಿದ್ದರು. ಶನಿವಾರ ಸಂಜೆಯೇ ಕಾರಿಗೆ ಬೀಗ ಹಾಕಿ ಕೀಲಿ ಒಯ್ದವರು ಅವರೇ; ಆಮೇಲೆ ಒಳಗೆ ಯಾರೂ ಕೂತಿರಲಿಲ್ಲ. ಬಂಪರು ಬಿರುಕು ಬಿಟ್ಟಿತ್ತು. ಮೈಯೆಲ್ಲ ತೊಳೆದು ಫಳಫಳ ಹೊಳೆಯುತ್ತಿತ್ತು. ಟೈರಿನ ಸಂದುಗಳಲ್ಲಿ ಮಾತ್ರ ಒಣ ಮಣ್ಣು.

ಮಾಲೀಕ ಉಮಾಶಂಕರ್ ದಢೂತಿ ಆಸಾಮಿ. ಇಂಜಿನ್ ಟ್ಯೂನ್ ಮಾಡುವ ಜಯಕುಮಾರ್ ಅವನ ಪಕ್ಕದಲ್ಲಿ ಕಡ್ಡಿಯಂತೆ ನಿಂತಿದ್ದ.

"ಹುಡ್ಗೀರಿಗೆ ಯಾಕ್ ಸಾರ್ ಇಂಥ ಗಾಡಿ?" ಎಂದ ಉಮಾಶಂಕರ್. "ಆ ಅಜ್ಜೀದೂ ತಪ್ಪೇ. ರೋಡೇನು ಕಣಾನಾ?"

"ಇದ್ದ ಕಣಾನೆಲ್ಲ ಲೇಔಟ್ ಮಾಡ್ಬಿಟ್ರಲ್ಲಪ್ಪ, ಇನ್ನೆಲ್ಲಿ ಒಕ್ತಾಳೆ?" ಕಾಂತರಾಜು ಸಿಡುಕಿದ.

ಆದಿನಾರಾಯಣಪ್ಪ ಅವನ ಭುಜ ತಟ್ಟಿ, "ಟ್ರ್ಯಾಕಿನ ಚಕ್ರ ಎಲ್ಲಪ್ಪಾ?" ಎಂದರು.

"ಸ್ಟೋರಲ್ಲಿ" ಎಂದ ಉಮಾಶಂಕರ್. "ಶುಕ್ರವಾರದಿಂದ ಕವರೂ ಬಿಚ್ಚಿಲ್ಲ. ಬೀಗದ ಕೈ ನನ್ ಸೊಂಟದಲ್ಲೇ ಇರತ್ತೆ, ಇನ್ಯಾರಿಗೂ ಕೊಡಲ್ಲ."

ಸ್ಟೋರಿನಲ್ಲಿ ಆದಿನಾರಾಯಣಪ್ಪ ಕವರು ಸರಿಸಿದರು. ಟೈರು ತೊಳೆದು ಶುಭ್ರವಾಗಿತ್ತು. ಮೆತ್ತಗಿನ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ, ಅಡಿಕೆ ಕತ್ತರಿಸುವ ಚಾಕುವಿನಿಂದ ಏನೋ ಕೆರೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಆಮೇಲೆ ಕಾರಿನ ಬಾಗಿಲು ತೆಗೆಸಿ ಎಲ್ಲರನ್ನೂ ಸುತ್ತ ನಿಲ್ಲಿಸಿದರು.

"ರಂಜಿತ, ಕೂತ್ಕೊಂಡು ರೇಸಿನ ಬೆಲ್ಟ್ ಹಾಕ್ಕೊಳಮ್ಮ. ಎಳೆದು ಬಿಗಿ ಮಾಡ್ಬೇಡ, ಇದ್ದಂಗೇ ಹಾಕು."

ಬೆಲ್ಟು ಅವಳ ಮೈಮೇಲೆ ಹಾರದಂತೆ ಜೋತುಬಿತ್ತು. ಜಯಕುಮಾರನ ಮೇಲೂ ಹಾಗೆಯೇ.

"ಉಮಾಶಂಕರ್, ಈಗ ನೀನು."

"ನನ್ಗ್ಯಾಕ್ ಸಾರ್?"

"ಕೂರಯ್ಯಾ!" ಎಸ್‌ಐ ಗದರಿದರು. ಬೆಲ್ಟು ಅವನ ಹೊಟ್ಟೆಗೆ ಅಳತೆ ತೆಗೆದು ಹೊಲಿಸಿದಂತೆ ಕೂತಿತು.

ಆದಿನಾರಾಯಣಪ್ಪ ಕರವಸ್ತ್ರ ಬಿಚ್ಚಿದರು. ಅದರಲ್ಲಿ ರಾಗಿಯ ಹೊಟ್ಟು, ನಾಲ್ಕಾರು ಕಾಳು.

"ಟ್ರ್ಯಾಕಿನ ಟೈರು ಬಿಸಿಯಾದ್ರೆ ಅಂಟಿನಂಗಾಗತ್ತೆ. ತುಳಿದಿದ್ದನ್ನ ಒಳಕ್ಕೆ ಎಳ್ಕೊಳತ್ತೆ, ನೀರಿಗೆ ಬಿಡಲ್ಲ, ಕೆರೀಬೇಕು. ಇವನು ತೊಳೆದ್ರೆ ಸಾಕು ಅನ್ಕೊಂಡ. ಕಾರು ತೊಳೆದು, ಆಮೇಲೆ ರಸ್ತೆ ಚಕ್ರ ಹಾಕ್ದ. ಅದಕ್ಕೇ ಮೈ ಹೊಳೀತಿದೆ, ಟೈರಲ್ಲಿ ಒಣ ಮಣ್ಣಿದೆ. ಒಂದು ರೌಂಡ್ ಹೋಗೋಕೆ ರಂಜಿತ ಯಾಕಪ್ಪಾ ಚಕ್ರ ಬದಲಾಯಿಸ್ತಾಳೆ? ಬದಲಾಯಿಸೋಣ ಅಂದ್ರೂ ಸ್ಟೋರಿನ ಬೀಗದ ಕೈ ಯಾರ ಸೊಂಟದಲ್ಲಿತ್ತು? ರೇಸಿನ ಬೆಲ್ಟು ಕೊನೇಲಿ ಹಾಕ್ಕೊಂಡವರ ಅಳತೇಲೇ ನಿಲ್ಲತ್ತೆ; ಅದನ್ನ ಯಾರ ಹೊಟ್ಟೆಗೆ ಸಡಿಲ ಮಾಡಿದ್ದು?"

ಉಮಾಶಂಕರ್ ಸೀಟಿನಿಂದ ಏಳಲಿಲ್ಲ. "ಹೊಸ ಗಿರಾಕಿಗೆ ಗಾಡಿ ತಾಕತ್ತು ತೋರಿಸೋಕೆ ಟೆಸ್ಟ್ ಮಾಡ್ತಿದ್ದೆ ಸಾರ್... ಅಜ್ಜಿ ಎದ್ದು ಕೂತಂಗಿತ್ತು, ಅದಕ್ಕೇ..."

"ಕನ್ನಡೀಲಿ ನೋಡಿದ್ಯಲ್ಲೋ!" ಕಾಂತರಾಜು ಕೂಗಿದ. "ನೋಡಿನೂ ಹೋದ್ಯಲ್ಲೋ!"

ಅವನನ್ನು ಜೀಪಿಗೆ ಹತ್ತಿಸಿದರು. ಕೆಂಪು ಕಾರು ಸಾಕ್ಷಿಯಾಗಿ ಠಾಣೆಯ ಬಿಸಿಲಲ್ಲಿ ನಿಂತಿತು. ರಂಜಿತಳ ಹೆಸರು ಉಳಿಯಿತು, ಆ ವರ್ಷದ ರೇಸು ಹೋಯಿತು. ಮುನಿವೆಂಕಟಮ್ಮನ ಕಾಲಿಗೆ ರಾಡು ಹಾಕಿದರು. ಅವಳು ಮತ್ತೆ ನೆಟ್ಟಗೆ ನಡೆಯಲಿಲ್ಲ.