ಅತ್ತಿಗೆ ಫೇಲಾದ ದಿನ

"ಈ ಮನೇಲಿ ಇವತ್ತು ನಿನಗೆ ಊಟ ಇಲ್ಲ! ಏಳು, ಎದ್ದು ಹೋಗು!"

ತಾಯಿ ಮಗಳ ಮುಂದಿದ್ದ ತಟ್ಟೆಯನ್ನು ಸರಕ್ಕನೆ ಎಳೆದುಕೊಂಡರು. ಮಗಳು ಇನ್ನೂ ಸೇನಾ ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದಳು.

"ಅಮ್ಮಾ, ಒಂದು ಮಾತು ಕೇಳು..."

"ಏನು ಕೇಳೋದು? ನಿಮ್ಮಪ್ಪ ಹೋದಾಗ ನಿನಗೆ ಒಂಬತ್ತು ವರ್ಷ. ನಾನು ಹಾಸಿಗೆ ಹಿಡಿದಿದ್ದೆ. ತಲೆ ಬಾಚಿ ಸ್ಕೂಲಿಗೆ ಕಳಿಸಿದ್ದು ನಿನ್ನ ಅತ್ತಿಗೆ. ಸಿರಿಂಜ್ ಹಿಡಿಯೋದು ಕಲಿಸಿದ್ದೂ ಅವಳೇ. ಅವಳನ್ನೇ ಫೇಲ್ ಮಾಡಿ ಬಂದೆಯಲ್ಲೇ... ನಿನ್ನ ಎದೆಯೇನು ಕಲ್ಲಾ?"

ಮಗಳು ತಲೆ ತಗ್ಗಿಸಿದಳು. ಹತ್ತೊಂಬತ್ತು ವರ್ಷಗಳಿಂದ ಸೇನಾ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅತ್ತಿಗೆಯನ್ನು ನೋಡಿಯೇ ಅವಳೂ ನರ್ಸ್ ಆದವಳು. ಮುಂದೆ ಓದಿ, ಅದೇ ಆಸ್ಪತ್ರೆಯ ಉನ್ನತ ತರಬೇತಿಗೆ ಶಿಕ್ಷಕಿಯಾದಳು. ಆ ತರಬೇತಿ ಮುಗಿಸಿದವರಿಗಷ್ಟೇ ಗಡಿಯ ಆಸ್ಪತ್ರೆಯಲ್ಲಿ ಕೆಲಸ. ಅಲ್ಲಿ ಅಣ್ಣ ಆಂಬುಲೆನ್ಸ್ ಓಡಿಸುತ್ತಿದ್ದ. ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದು ನಾಲ್ಕು ವರ್ಷ ಕಳೆದಿತ್ತು. ಅತ್ತಿಗೆ ಅರ್ಜಿ ಹಾಕಿದ್ದು ಅದಕ್ಕೇ.

ಅಂದು ಬೆಳಿಗ್ಗೆ ಕೊನೆಯ ಪರೀಕ್ಷೆ. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಐವರು ಸೈನಿಕರು ಕೆಂಪು ಬಣ್ಣ ಬಳಿದುಕೊಂಡು ಗಾಯಾಳುಗಳಂತೆ ಬಿದ್ದಿದ್ದರು. ಒಬ್ಬ ಕಾಲು ಹಿಡಿದುಕೊಂಡು ಹೊರಳಾಡಿ ಕೂಗುತ್ತಿದ್ದ. ಅತ್ತಿಗೆ ನೇರ ಅವನ ಬಳಿಗೆ ಓಡಿದಳು. ವಾರ್ಡಿನಲ್ಲಿ ಕರೆದವರ ಬಳಿಗೆ ಓಡಿ ಓಡಿ ಕಾಲುಗಳಿಗೆ ಅದೇ ರೂಢಿಯಾಗಿತ್ತು. ಗೋಡೆಯ ಪಕ್ಕ ಇನ್ನೊಬ್ಬ ಅಲ್ಲಾಡದೆ ಮಲಗಿದ್ದ. ಉಸಿರು ಕಟ್ಟಿದೆ ಎಂದು ಅವನ ಎದೆಯ ಮೇಲಿನ ಚೀಟಿಯಲ್ಲಿ ಬರೆದಿತ್ತು. ಅತ್ತಿಗೆ ಅವನನ್ನು ಮುಟ್ಟುವ ಹೊತ್ತಿಗೆ ಐದು ನಿಮಿಷ ಕಳೆದಿತ್ತು.

"ಈತ ಹೋಗಿಬಿಟ್ಟ, ಸಿಸ್ಟರ್," ಎಂದಳು ಪರೀಕ್ಷಕಿಯಾಗಿ ನಿಂತಿದ್ದ ನಾದಿನಿ. ಫಲಿತಾಂಶ ಪಟ್ಟಿಯಲ್ಲಿ ಫೇಲ್ ಎಂದು ಬರೆದಳು.

ಒಳಕೋಣೆಯ ಬಾಗಿಲು ತೆರೆಯಿತು. ಅತ್ತಿಗೆಯ ಕಣ್ಣುಗಳು ಊದಿಕೊಂಡಿದ್ದವು.

"ಅತ್ತೆ, ಅವಳ ತಟ್ಟೆ ಅವಳಿಗೆ ಕೊಡಿ."

"ನಿನಗೆ ಒಂದಿಷ್ಟೂ ಸಿಟ್ಟು ಬರಲ್ವೇನೇ? ಒಂದು ಸಲ ಕಣ್ಣು ಮುಚ್ಕೊಂಡು ಪಾಸ್ ಅಂತ ಬರೆದಿದ್ರೆ ಇವಳ ಗಂಟೇನು ಹೋಗ್ತಿತ್ತು?"

"ಬರೆದಿದ್ರೆ ನಾನು ಗಡಿಗೆ ಹೋಗ್ತಿದ್ದೆ, ಅತ್ತೆ. ಅಲ್ಲೂ ಕೂಗಿದವನ ಹತ್ರನೇ ಓಡ್ತಿದ್ದೆ. ಸದ್ದಿಲ್ಲದೆ ಬಿದ್ದಿರೋನಿಗೂ ಅಮ್ಮ ಅಂತ ಒಬ್ಬಳು ಇರ್ತಾಳಲ್ವಾ? ಅವನು... ಅವನು ನಿಮ್ಮ ಮಗನೇ ಆಗಿದ್ರೆ?"

ತಾಯಿ ತಟ್ಟೆಯನ್ನು ಮೆಲ್ಲಗೆ ಮಗಳ ಮುಂದಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಗಳ ಅಳು ಒಡೆದುಬಂತು.

"ಅತ್ತಿಗೆ, ನನ್ನ ಮೇಲೆ ಕೋಪ ಇಲ್ವಾ?"

"ಇದೆ, ಪುಟ್ಟಿ. ಬೇಕಾದಷ್ಟಿದೆ. ಒಂದು ಗಂಟೆಯಿಂದ ನಿನ್ನ ಬೈಕೊಂಡೇ ಕೂತಿದ್ದೆ. ನಾಳೆನೂ ಬೈಕೋತೀನೋ ಏನೋ. ಈಗ ಉಣ್ಣು, ಹಸ್ಕೊಂಡು ಮಲಗ್ಬೇಡ."

ಊಟವಾದ ಮೇಲೆ ಅತ್ತಿಗೆ ಗಂಡನಿಗೆ ಫೋನ್ ಮಾಡಿದಳು. "ಇನ್ನೂ ಆರು ತಿಂಗಳು, ರೀ... ಮತ್ತೆ ಮೊದಲಿಂದ ಕಲೀಬೇಕು," ಎಂದಳು. ಆ ಕಡೆಯಿಂದ ಗಂಡ, "ಸರಿ ಬಿಡು. ನಿನ್ನ ಟೀಚರ್ ಬಲು ಜೋರು. ತಾನು ಎರಡನೇ ಕ್ಲಾಸಲ್ಲಿರುವಾಗ್ಲೇ ನನ್ನ ಕಾಗುಣಿತ ತಿದ್ದಿದವಳು ಅವಳು," ಎಂದ. ನಗಲು ಹೊರಟ ಅವನ ದನಿ ಒಡೆದಿತ್ತು.

ಸೋಮವಾರ ಹೊಸ ತಂಡದ ಮೊದಲ ತರಗತಿ. ಇಪ್ಪತ್ತೈದರ ಆಸುಪಾಸಿನ ಹುಡುಗಿಯರ ನಡುವೆ, ಮುಂದಿನ ಬೆಂಚಿನಲ್ಲಿ, ಕನ್ನಡಕ ಏರಿಸಿಕೊಂಡು ಅತ್ತಿಗೆ ಕುಳಿತಿದ್ದಳು. ನಾದಿನಿ ಒಳಗೆ ಬಂದಳು. ಎಲ್ಲರೂ ಎದ್ದು ನಿಂತರು. ಅವರೊಂದಿಗೆ ಅತ್ತಿಗೆಯೂ ನೆಟ್ಟಗೆ ನಿಂತಳು.

ತನ್ನನ್ನು ಸಾಕಿದವಳು ತನಗಾಗಿ ಎದ್ದು ನಿಂತಿದ್ದಾಳೆ! ಕೂರಲು ಹೇಳುವುದನ್ನೂ ಮರೆತು ನಾದಿನಿ ಅವಳನ್ನೇ ನೋಡುತ್ತಿದ್ದಳು. ಹುಡುಗಿಯರು ಮುಖ ಮುಖ ನೋಡಿಕೊಂಡರು.

"ಕೂತ್ಕೋಬಹುದಾ, ಮೇಡಂ?" ಅತ್ತಿಗೆಯೇ ಮೆಲ್ಲಗೆ ಕೇಳಿದಳು.

"ಕೂತ್ಕೊಳ್ಳಿ..." ಎಂದಳು ನಾದಿನಿ. ಒದ್ದೆಯಾದ ಕಣ್ಣು ಯಾರಿಗೂ ಕಾಣದಂತೆ ಬೋರ್ಡಿನ ಕಡೆ ತಿರುಗಿ, ಪಾಠ ಶುರು ಮಾಡಿದಳು.